ಪುಟ್ಟ ತಳಿಯ ನಾಯಿಮರಿ ಕೊಳ್ಳುವ ಮುನ್ನ: ಅಂದು ಕಾಣದ ಕಾಯಿಲೆಗಳ ದಿನಲೆಕ್ಕ

ಬಾಲ ಅಲ್ಲಾಡಿಸುತ್ತ ಬಂದು ಬೆರಳು ನೆಕ್ಕುವ ಮರಿಯ ಮೈಯಲ್ಲಿ ಕರುಳು ಕೆಡಿಸುವ ಪಾರ್ವೊ ವೈರಸ್ ಹೊಕ್ಕು ಆಗಲೇ ಎರಡು ದಿನವಾಗಿರಬಹುದು. ವಾಂತಿ ಶುರುವಾಗಲು ಇನ್ನೂ ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ದುಡ್ಡು ಕೈ ಬದಲಾಗಿ ಮರಿ ನಿಮ್ಮ ಮನೆ ಸೇರಿರುತ್ತದೆ. ಮಂಡಿಚಿಪ್ಪು ಜಾರುವುದು ನಾಲ್ಕೈದು ತಿಂಗಳಿಗೆ ಗೊತ್ತಾಗುತ್ತದೆ, ಶ್ವಾಸನಾಳ ಕುಸಿಯುವುದು ಹೆಚ್ಚಾಗಿ ವರ್ಷಗಳ ಮೇಲೆ. ಕೊಂಡ ದಿನ ಮರಿ ಗಟ್ಟಿಮುಟ್ಟಾಗಿ ಕಂಡಿತ್ತು ಅನ್ನುವುದಕ್ಕೆ ಅಷ್ಟಾಗಿ ಬೆಲೆಯಿಲ್ಲ. ಯಾವ ತೊಂದರೆ ಯಾವಾಗ ಹೊರಬೀಳುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಮಾತ್ರ ಕೊಳ್ಳುವಾಗ ಏನು ಕೇಳಬೇಕು, ತಂದ ಮೇಲೆ ಎಷ್ಟು ದಿನ ಕಣ್ಣಿಡಬೇಕು ಎಂಬುದು ತಿಳಿಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ಬರೆದಿದೆ.

ತಳಿ ಮತ್ತು ನಿಮ್ಮೂರ ಬಿಸಿಲು

ನಾಯಿ ಮೈ ತಣ್ಣಗಾಗಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಮೂಗು, ಬಾಯಿ, ಗಂಟಲಿನ ತೇವ ಗಾಳಿಗೆ ಆರಿದಷ್ಟು ಮೈ ತಂಪು. ಪಗ್‌ಗೆ ಆ ದಾರಿಯೇ ಚಿಕ್ಕದು. ಮೂಗಿನ ಹೊಳ್ಳೆ ಸೀಳಿನಷ್ಟು, ಅಂಗುಳಿನ ಹಿಂದಿನ ಮೆತ್ತನೆಯ ಭಾಗ ಉದ್ದ, ಶ್ವಾಸನಾಳ ಸಣ್ಣದು. ತೇಕಿದಷ್ಟೂ ಗಂಟಲು ಊದುತ್ತದೆ, ಊದಿದಷ್ಟೂ ಉಸಿರಾಟ ಕಷ್ಟವಾಗುತ್ತದೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವಾಗ ಪತ್ರಾಸ್ (ತಗಡು) ಹೊದಿಸಿದ ಮನೆಯಲ್ಲಿ ಪಗ್ ಅಥವಾ ಫ್ರೆಂಚ್ ಬುಲ್‌ಡಾಗ್ ಸಾಕುವುದು ಅದಕ್ಕೆ ದಿನವೂ ಶಿಕ್ಷೆ. ಶಿಟ್ಜುಗೂ ಮೂಗು ಗಿಡ್ಡ, ಮೇಲೆ ಉದ್ದ ಕೂದಲು. ಬೆಳಗಾವಿ, ಖಾನಾಪುರದ ಕಡೆಯವರು ತಮ್ಮಲ್ಲಿ ತಂಪಿದೆ ಎಂದು ನಿಶ್ಚಿಂತರಾಗುವ ಹಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ತೇಕಿದರೂ ಮೈ ತಣಿಯುವುದಿಲ್ಲ. ನೀರಿನ ಏರ್ ಕೂಲರ್ ವಿಜಯಪುರದ ಒಣ ಬಿಸಿಲಿಗೆ ಒಳ್ಳೆಯದು, ಜೂನ್ ನಂತರದ ತೇವದಲ್ಲಿ ಅದು ಇನ್ನಷ್ಟು ತೇವವನ್ನೇ ಊದುತ್ತದೆ.

ಪಾಮೇರಿಯನ್ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಊರುಗಳಲ್ಲಿ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಅದರ ಸಣ್ಣ ಬಗೆ 5ರಿಂದ 7 ಕಿಲೋ ತೂಗುತ್ತದೆ, ಮೂತಿ ಉದ್ದ, ಈ ನಾಡಿನ ಬಿಸಿಲಿಗೆ ಒಗ್ಗಿದ ಜಾತಿ. ನಿಜವಾದ ಪಾಮೇರಿಯನ್ ಬೆಳೆದ ಮೇಲೂ 1.4ರಿಂದ 3.2 ಕಿಲೋ ಅಷ್ಟೇ. ಅದಕ್ಕೆ ಮಂಡಿ, ಶ್ವಾಸನಾಳ, ಹಲ್ಲುಗಳ ತೊಂದರೆ ಹೆಚ್ಚು. ಸ್ಪಿಟ್ಜ್ ಮರಿಯನ್ನು ಪಾಮೇರಿಯನ್ ಬೆಲೆಗೆ ಕೊಂಡವರು ದುಡ್ಡಿನಲ್ಲಿ ಸೋತರೂ ಆರೋಗ್ಯದಲ್ಲಿ ಗೆದ್ದಿರುತ್ತಾರೆ. ಮೊದಲ ಬಾರಿ ಸಣ್ಣ ನಾಯಿ ಸಾಕುವವರಿಗೆ ನಮ್ಮ ಮೊದಲ ಸಲಹೆಯೂ ಸ್ಪಿಟ್ಜ್‌ನದೇ.

ಚಹದ ಕಪ್ಪಿನಲ್ಲಿ ಕೂರುವಷ್ಟು ಪುಟ್ಟದು ಎಂದು ಮಾರುವ ‘ಟೀಕಪ್’ ಅನ್ನುವ ತಳಿ ಇಲ್ಲ. ತಳಿನಾಯಿಗಳ ವಂಶಾವಳಿ ದಾಖಲಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಅಂಥದ್ದನ್ನು ಮಾನ್ಯ ಮಾಡಿಲ್ಲ. ಆ ಹೆಸರಲ್ಲಿ ಸಿಗುವುದು ಒಂದೋ ಸೂಲಿನಲ್ಲಿ ಬಡಕಲಾದ ಮರಿ, ಇಲ್ಲವೇ ಎರಡು ತಿಂಗಳು ಎಂದು ಹೇಳಿ ಮಾರುವ ಐದು ವಾರದ ಕೂಸು. ಮೂರನೆಯದು, ಲಿವರ್‌ನ ರಕ್ತನಾಳದ ಹುಟ್ಟುದೋಷದಿಂದ ಬೆಳವಣಿಗೆ ಕುಂಠಿತವಾದದ್ದು. ಗಾತ್ರಕ್ಕಾಗಿ ಹೆಚ್ಚು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಡ್ಯಾಶ್‌ಹುಂಡ್‌ನ ಬೆನ್ನು ಉದ್ದ, ಕಾಲು ಗಿಡ್ಡ. ಮೂರರಿಂದ ಏಳು ವರ್ಷದೊಳಗೆ ಬೆನ್ನೆಲುಬಿನ ಡಿಸ್ಕ್ ಜಾರಿ ಹಿಂಗಾಲು ಬೀಳುವ ಅಪಾಯ ಹೆಚ್ಚು. ಮನೆಗೆ ಕಡಿದಾದ ಮೆಟ್ಟಿಲಿದ್ದರೆ ಈ ತಳಿ ಬೇಡ. ಬಣ್ಣದ ಆಸೆಯೂ ಅಪಾಯವೇ. ಬೂದು-ಕಪ್ಪು ಚಿಪ್ಪುಚಿಪ್ಪು ಬಣ್ಣದ ‘ಮರ್ಲ್’ ನಾಯಿಗಳೆರಡನ್ನು ಕೂಡಿಸಿ ಹುಟ್ಟಿಸಿದ ಮರಿಗಳಲ್ಲಿ ಕಿವುಡು, ಕುರುಡು ಸಾಮಾನ್ಯ.

ಮೊದಲು ಡಾಕ್ಟರ್, ಆಮೇಲೆ ಮರಿ

ತಾಲ್ಲೂಕಿನ ಪಶು ಆಸ್ಪತ್ರೆಯವರ ದಿನ ಎಮ್ಮೆ, ಆಕಳು, ಕುರಿಗಳಲ್ಲೇ ಕಳೆಯುತ್ತದೆ. ಅವರು ನಾಯಿಯನ್ನೂ ನೋಡುತ್ತಾರೆ. ಆದರೆ ಒಂದು ಕಿಲೋ ಮರಿಯ ಕಾಲಿಗೆ ಸಲೈನ್ ಸೂಜಿ ಹಾಕಲು ಬೇಕಾದ ತೀರ ಸಣ್ಣ ಕ್ಯಾನುಲಾ, ಪಾರ್ವೊ ಪರೀಕ್ಷೆಯ ಕಿಟ್, ಸಂಜೆ ಏಳರ ನಂತರ ಸಿಗುವ ಕೈ ಎಲ್ಲ ಕಡೆಯೂ ಇರುವುದಿಲ್ಲ. ಆದ್ದರಿಂದ ಮರಿ ನೋಡಲು ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿಟ್ಟುಕೊಳ್ಳಿ: ನಮ್ಮೂರಲ್ಲಿ ನಾಯಿಗೆ ಸಲೈನ್ ಹಾಕಿ ದಿನವಿಡೀ ಇಟ್ಟುಕೊಳ್ಳುವವರು ಯಾರು? ಹತ್ತಿರದಲ್ಲಿ ನಾಯಿಯ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲಿ ಆಗುತ್ತದೆ? ಭಾನುವಾರ ರಾತ್ರಿ ಯಾರ ಫೋನು ಎತ್ತುತ್ತಾರೆ? ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962 ಫೋನಿನಲ್ಲಿರಲಿ. ಮರಿಯ ಬೆಲೆಯಷ್ಟೇ ದುಡ್ಡನ್ನು ಮೊದಲ ಆರು ತಿಂಗಳ ಚಿಕಿತ್ಸೆಗೆಂದು ಬೇರೆ ಎತ್ತಿಡಿ. ಅದಾಗದಿದ್ದರೆ ಕಡಿಮೆ ಬೆಲೆಯ ಮರಿ ನೋಡಿ, ಇಲ್ಲವೇ ಮುಂದಿನ ವರ್ಷ ನೋಡಿ.

ಕಾಲವನ್ನೂ ಆರಿಸಿ. ಮಾರ್ಚ್ ನಡುವಿನಿಂದ ಮೇ ಮುಗಿಯುವವರೆಗೆ ಮರಿ ತರಬೇಡಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಗಾವಿಯವರು ಡಿಸೆಂಬರ್-ಜನವರಿಯ ರಾತ್ರಿ ಚಳಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಬೇಕಾದೀತು ಅಷ್ಟೇ.

ಮಾರುವವರ ಮನೆಯಲ್ಲಿ

“ಎರಡ್ ತಿಂಗಳಾಗೇತ್ರಿ, ಇಂಜೆಕ್ಷನ್ ಎಲ್ಲಾ ಆಗೇತ್ರಿ.” ಈ ಒಂದು ಮಾತಿನಲ್ಲಿ ಎರಡು ಸಂಗತಿ ಪರೀಕ್ಷಿಸಬೇಕು, ವಯಸ್ಸು ಮತ್ತು ಲಸಿಕೆ.

ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಪೆಟ್ ಶಾಪ್‌ಗಳಿಗೆ 2018ರ ನಿಯಮಗಳಿವೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಿದಾಗ ಮಾತು ಬದಲಿಸುವವರೇ ಹೆಚ್ಚು. ವಯಸ್ಸಿಗೆ ಹಲ್ಲೇ ಸಾಕ್ಷಿ. ಎಂಟು ವಾರದ ಮರಿಗೆ ಹಾಲುಹಲ್ಲು ಹೆಚ್ಚುಕಡಿಮೆ ಎಲ್ಲ, ಅಂದರೆ 28, ಬಂದಿರುತ್ತವೆ. ಮುಂದಿನ ಚೂಪು ಹಲ್ಲಷ್ಟೇ ಇದ್ದು ಹಿಂದಿನ ದವಡೆ ಬೋಳಾಗಿದ್ದರೆ ಅದು ಐದು ವಾರದ ಆಸುಪಾಸಿನದು. ತೀರ ಪುಟ್ಟ ತಳಿಗಳಲ್ಲಿ ಹಲ್ಲು ಒಂದೆರಡು ವಾರ ತಡವಾಗುವುದುಂಟು, ಆದರೂ ಅಂಥ ಮರಿಯನ್ನು ಇನ್ನೆರಡು ವಾರ ತಾಯಿಯ ಹತ್ತಿರವೇ ಬಿಟ್ಟು ಆಮೇಲೆ ಒಯ್ಯುವುದು ಲೇಸು.

ಲಸಿಕೆ ಕಾರ್ಡಿನಲ್ಲಿ ಪೆನ್ನಿನಲ್ಲಿ ಬರೆದ ತಾರೀಖು ಸಾಲದು. ಸೀಸೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಅದರ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಪಶುವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಇರಬೇಕು. ಆ ವೈದ್ಯರಿಗೆ ಫೋನ್ ಮಾಡಿ ಕೇಳಿದರೆ ಎರಡು ನಿಮಿಷದ ಕೆಲಸ. ತಾರೀಖನ್ನೂ ಲೆಕ್ಕ ಹಾಕಿ. ಮೂವತ್ತು ದಿನಕ್ಕೇ ಹಾಕಿಸಿದ ಲಸಿಕೆ ಹೆಚ್ಚಾಗಿ ವ್ಯರ್ಥ, ಏಕೆಂದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಆ ಲಸಿಕೆಯನ್ನು ಕೊಂದುಹಾಕುತ್ತದೆ. ಆ ರಕ್ಷಣೆ ಮರಿಯಿಂದ ಮರಿಗೆ ಬೇರೆ ಬೇರೆ ವಯಸ್ಸಿಗೆ ಇಳಿಯುತ್ತದೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುತ್ತ ಹದಿನಾರನೇ ವಾರದವರೆಗೆ ಹೋಗುವುದು. ಒಂದು ಇಂಜೆಕ್ಷನ್ ಆಗಿದೆ ಅಂದರೆ ಮರಿ ಸುರಕ್ಷಿತ ಅಂತಲ್ಲ. ಹತ್ತು ವಾರದ, ಎರಡು ಡೋಸ್ ಆದ ಮರಿ ಸಿಕ್ಕರೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಕೆಸಿಐ ಪೇಪರ್ ಇದೆ ಅನ್ನುವುದು ವಂಶಾವಳಿಯ ಮಾತು, ಆರೋಗ್ಯದ ಮಾತಲ್ಲ. ಪೇಪರ್ ಇದ್ದರೆ ಮರಿಯ ಚರ್ಮದಡಿ ಇಟ್ಟ ಮೈಕ್ರೋಚಿಪ್‌ನ 15 ಅಂಕಿ ಅದರಲ್ಲಿರುವ ಅಂಕಿಗೆ ಹೊಂದುತ್ತದೆಯೇ ಎಂದು ಸ್ಕ್ಯಾನ್ ಮಾಡಿಸಿ.

ತಾಯಿನಾಯಿಯನ್ನು ನೋಡದೆ ಮರಿ ಕೊಳ್ಳಬೇಡಿ. “ತಾಯಿ ಹೊಲದಾಗ ಐತ್ರಿ” ಅಂದರೆ ಮರಿ ಬೇರೆ ಕಡೆಯಿಂದ, ಹತ್ತಾರು ಗೂಡು ದಾಟಿ ಬಂದಿರುವ ಸಾಧ್ಯತೆ ಜಾಸ್ತಿ. ತಾಯಿ ಹತ್ತು ಹೆಜ್ಜೆ ಓಡಲಿ. ನಡುವೆ ಒಂದು ಹಿಂಗಾಲು ಎತ್ತಿ ಕುಪ್ಪಳಿಸಿದರೆ ಮಂಡಿ ಸರಿಯಿಲ್ಲ. ಸುಮ್ಮನೆ ಕೂತಾಗಲೂ ಗೊರಗೊರ ಸದ್ದು ಬಂದರೆ ಮರಿಗೂ ಅದೇ ಮೂಗು ಬಂದಿರುತ್ತದೆ. ಫೋಟೊ ನೋಡಿ ಆನ್‌ಲೈನ್‌ನಲ್ಲಿ ಮುಂಗಡ ಕಳಿಸುವವರ ಗತಿ ಇನ್ನೂ ಕೆಟ್ಟದ್ದು. ಮೊದಲು ಅಡ್ವಾನ್ಸ್, ಆಮೇಲೆ ಗಾಡಿ ಖರ್ಚು, ಆಮೇಲೆ ‘ಇನ್ಶುರೆನ್ಸ್’. ಕೊನೆಗೆ ಮರಿಯೇ ಇರುವುದಿಲ್ಲ.

ಕೈಗೆತ್ತಿಕೊಂಡು ನೋಡುವ ಬಗೆ

ಮೊದಲ ಹತ್ತು ನಿಮಿಷ ಮುಟ್ಟದೆ ದೂರ ಕೂತು ನೋಡಿ. ಉಳಿದ ಮರಿಗಳು ಕಚ್ಚಾಡುವಾಗ ಮೂಲೆಯಲ್ಲಿ ಮಲಗಿದ್ದನ್ನು ‘ಬಾಳ ಶಾಂತ ಐತಿ’ ಎಂದು ಆರಿಸುವುದು ಎಲ್ಲರೂ ಮಾಡುವ ತಪ್ಪು. ಶಾಂತ ಮರಿ ಜ್ವರದ ಮರಿಯಾಗಿರಬಹುದು. ಇಡೀ ಗೂಡಿನಲ್ಲಿ ಯಾವ ಮರಿಗೆ ಭೇದಿ ಇದ್ದರೂ, ಕಣ್ಣು-ಮೂಗಿನಲ್ಲಿ ಕೀವು ಇದ್ದರೂ ಒಂದನ್ನೂ ತರಬೇಡಿ.

ಈಗ ಕೈಗೆತ್ತಿಕೊಳ್ಳಿ. ನೆತ್ತಿಯಿಂದ ಶುರು. ಬೆರಳ ತುದಿಗೆ ತಲೆಬುರುಡೆಯ ನಡುವೆ ಮೆತ್ತನೆಯ ಕುಳಿ ಸಿಕ್ಕರೆ ಸುಳಿ ಕೂಡಿಲ್ಲ ಎಂದರ್ಥ. ಚಿಹೋವಾ ಎಂಬ ತೀರ ಪುಟ್ಟ ತಳಿಯಲ್ಲಿ ಸಣ್ಣ ಕುಳಿ ಸಾಮಾನ್ಯ. ಆದರೆ ಗುಮ್ಮಟದಂಥ ತಲೆ, ಹೊರಕ್ಕೆ ತಿರುಗಿದ ಕಣ್ಣುಗಳು, ಸುತ್ತಸುತ್ತ ತಿರುಗುವ ನಡಿಗೆ ಜೊತೆಗಿದ್ದರೆ ತಲೆಯಲ್ಲಿ ನೀರು ತುಂಬಿರಬಹುದು. ಕಣ್ಣಿನಲ್ಲಿ ಬಿಳಿ ಚುಕ್ಕೆ, ಒಳಕ್ಕೆ ಮಡಚಿದ ರೆಪ್ಪೆ ನೋಡಿ. ಪಗ್ ಮತ್ತು ಶಿಟ್ಜುವಿನ ಉಬ್ಬುಗಣ್ಣಿಗೆ ಹುಣ್ಣು ಬೇಗ ಆಗುತ್ತದೆ. ಮೂಗಿನ ಹೊಳ್ಳೆ ದುಂಡಗೆ ತೆರೆದಿರಬೇಕು, ಉಸಿರೆಳೆದಾಗ ಒಳಕ್ಕೆ ಕುಸಿಯಬಾರದು. ಬಾಯಿ ಅಗಲಿಸಿ ಅಂಗುಳು ಸೀಳಿದೆಯೇ ನೋಡಿ, ಸೀಳಿದ್ದರೆ ಹಾಲು ಮೂಗಿಗೆ ಬರುತ್ತದೆ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಸಡೇ ಬಿಳಚಿದ್ದರೆ ಕೊಕ್ಕೆಹುಳು ಅಥವಾ ಉಣ್ಣಿ ರಕ್ತ ಹೀರಿದ ಗುರುತು.

ಬೆನ್ನಹಿಂದೆ ನಿಂತು ಚಪ್ಪಾಳೆ ಹೊಡೆದರೆ ಕಿವಿ ತಿರುಗಬೇಕು. ಹೊಕ್ಕುಳಲ್ಲಿ ಗಂಟು ಇದ್ದು ಒತ್ತಿದರೆ ಒಳಹೋಗುವುದಾದರೆ ಹರ್ನಿಯಾ. ಸಣ್ಣದು ತೊಂದರೆಯಲ್ಲ, ಬೆರಳು ತೂರುವಷ್ಟು ದೊಡ್ಡದಕ್ಕೆ ಆಪರೇಷನ್ ಬೇಕು. ಗಂಡು ಮರಿಯ ಎರಡೂ ಬೀಜ ಕೆಳಗಿಳಿದಿವೆಯೇ ನೋಡಿ. ಎರಡು ತಿಂಗಳಿಗೆ ಇಳಿದಿರಬೇಕು, ಆರು ತಿಂಗಳಾದರೂ ಇಳಿಯದಿದ್ದರೆ ಹೊಟ್ಟೆಯಲ್ಲೇ ಉಳಿದದ್ದು ಮುಂದೆ ಗಡ್ಡೆಯಾಗುವ ಅಪಾಯವಿದೆ. ಹೊಟ್ಟೆ ಮಾತ್ರ ಡೊಳ್ಳು, ಪಕ್ಕೆ ಎಲುಬು ಕಾಣುತ್ತಿದ್ದರೆ ಹೊಟ್ಟೆ ತುಂಬ ಜಂತು. ಬಾಲದ ಕೆಳಗಿನ ಕೂದಲು ಅಂಟಂಟಾಗಿದ್ದರೆ, ಅಥವಾ ಆಗತಾನೇ ತೊಳೆದು ಒದ್ದೆಯಾಗಿದ್ದರೆ, ಭೇದಿಯ ಗುಮಾನಿ ಇರಲಿ. ಕಿವಿಯಂಚಿನಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ದುಂಡಗೆ ಕೂದಲುದುರಿದ ಕಲೆ ಇದ್ದರೆ ಹುಳುಕಡ್ಡಿ, ಮನೆಯ ಮಕ್ಕಳಿಗೂ ಹಬ್ಬುತ್ತದೆ.

ಕೊನೆಯದಾಗಿ ನಿಮ್ಮ ಕಣ್ಣೆದುರೇ ಮರಿ ತಿನ್ನಲಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ಆಗಲಿ. ಎದೆಬಡಿತ ನೋಡುವುದು ನಿಮ್ಮ ಕೈಯಲ್ಲಿಲ್ಲ, ಡಾಕ್ಟರ್ ಸ್ಟೆತಸ್ಕೋಪ್ ಬೇಕು. ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ಮುಚ್ಚದೆ ಉಳಿಯುವ ದೋಷ ಪಾಮೇರಿಯನ್, ಮಾಲ್ಟೀಸ್, ಟಾಯ್ ಪೂಡಲ್‌ಗಳಲ್ಲಿ, ಅದರಲ್ಲೂ ಹೆಣ್ಣುಮರಿಗಳಲ್ಲಿ, ಹೆಚ್ಚು. ಯಂತ್ರ ಓಡಿದಂಥ ಎಡೆಬಿಡದ ಸದ್ದು ಕೇಳಿಸುತ್ತದೆ. ಸಕಾಲಕ್ಕೆ ಆಪರೇಷನ್ ಆದರೆ ಗುಣ, ಆದರೆ ಅದಕ್ಕೆ ಬೆಂಗಳೂರು, ಪುಣೆಯಂಥ ದೊಡ್ಡ ಊರಿಗೆ ಹೋಗಬೇಕು. ಹಾಗಾಗಿ ಕರಾರಿನಲ್ಲಿ ಒಂದು ಸಾಲು ಬರೆಸಿ: 72 ಗಂಟೆಯೊಳಗೆ ನಮ್ಮ ಡಾಕ್ಟರ್ ತಪಾಸಣೆಯಲ್ಲಿ ದೋಷ ಸಿಕ್ಕರೆ ಮರಿ ವಾಪಸ್, ದುಡ್ಡು ವಾಪಸ್. ಪಾರ್ವೊಗೆ, ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ರೋಗಕ್ಕೆ 14 ದಿನ, ಹುಟ್ಟುದೋಷಗಳಿಗೆ ಒಂದು ವರ್ಷ. ತಳಿ, ಹುಟ್ಟಿದ ದಿನ, ಬೆಲೆ, ಇಬ್ಬರ ಸಹಿ ಇರುವ ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ಇಷ್ಟಕ್ಕೇ ಸಿಟ್ಟಾಗುವ ಮಾರಾಟಗಾರ ಮುಂದೆ ಫೋನ್ ಎತ್ತುವುದಿಲ್ಲ.

ದಾರಿಯಲ್ಲಿ ಇಳಿಯುವ ಸಕ್ಕರೆ

ಬೆಂಗಳೂರಿನಿಂದ ವಿಜಯಪುರಕ್ಕಾಗಲಿ ಬೆಳಗಾವಿಗಾಗಲಿ 500 ಕಿಲೋಮೀಟರ್ ಆಸುಪಾಸು, ರಾತ್ರಿಯಿಡೀ ಪ್ರಯಾಣ. ರಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸಿನವರ ಕೈಗೆ ಕೊಟ್ಟು ಕಳಿಸುವ ರೂಢಿ ಇದೆ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಡಬ್ಬಿ ತೆರೆದಾಗ ಮರಿ ತಣ್ಣಗೆ, ಮೆತ್ತಗೆ ಬಿದ್ದಿರುತ್ತದೆ. ಒಂದು ಕಿಲೋ ಮರಿಯ ಲಿವರ್‌ನಲ್ಲಿ ಸಕ್ಕರೆಯ ಸಂಗ್ರಹ ಅತ್ಯಲ್ಪ, ಸ್ನಾಯುವೂ ಕೊಬ್ಬೂ ಕಡಿಮೆ. ನಾಲ್ಕೈದು ತಾಸು ಉಪವಾಸ, ಜೊತೆಗೆ ಹೆದರಿಕೆ, ಚಳಿ ಸೇರಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಓಲಾಡುವುದು, ಕಣ್ಣು ಮಂಕಾಗುವುದು, ಮೈ ತಣ್ಣಗಾಗುವುದು, ನಡುಕ, ಕೊನೆಗೆ ಫಿಟ್ಸ್. ಇದು ಮೂರ್ನಾಲ್ಕು ತಿಂಗಳವರೆಗಿನ ಪುಟ್ಟ ಮರಿಗಳ ದೊಡ್ಡ ಶತ್ರು. ಮನೆಗೆ ಬಂದ ಮೇಲೂ ಮೊದಲೆರಡು ದಿನ ಹೊಸ ಜಾಗದ ಗಾಬರಿಗೆ ಮರಿ ತಿನ್ನದಿದ್ದರೆ ಇದೇ ಆಗುತ್ತದೆ.

ಆದ್ದರಿಂದ ನೀವೇ ಹೋಗಿ ಮಡಿಲಲ್ಲಿಟ್ಟುಕೊಂಡು ತನ್ನಿ. ಹೊರಡುವ ಎರಡು ತಾಸು ಮುಂಚೆ ಸ್ವಲ್ಪ ಉಣಿಸಿ, ದಾರಿಯಲ್ಲಿ ಮೂರು ತಾಸಿಗೊಮ್ಮೆ ಚಮಚದಷ್ಟು ತಿನ್ನಿಸಿ. ಕಾರಾದರೆ ಡಿಕ್ಕಿಯಲ್ಲಿ ಬೇಡ. ಬಿಸಿಲಿಗೆ ಮುಂಚೆ ಊರು ಸೇರುವಂತೆ ಹೊರಡಿ. ಮರಿ ತಿನ್ನುತ್ತಿದ್ದ ಆಹಾರವನ್ನೇ ಅರ್ಧ ಕಿಲೋ ಕೇಳಿ ತನ್ನಿ. ಜೇಬಿನಲ್ಲಿ ಗ್ಲುಕೋಸ್ ಪುಡಿ ಇರಲಿ. ಓಲಾಟ ಕಂಡ ಕೂಡಲೇ ಅರ್ಧ ಚಮಚ ಪುಡಿಗೆ ಕೆಲವು ಹನಿ ನೀರು ಬೆರೆಸಿ ವಸಡಿಗೆ ತಿಕ್ಕಿ, ಜೇನುತುಪ್ಪವಾದರೂ ಸರಿ. ಫಿಟ್ಸ್ ಬಂದಿದ್ದರೆ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರವಾದ ಮೇಲೆ ಉಣಿಸಿ, ಬಟ್ಟೆ ಸುತ್ತಿ ಬೆಚ್ಚಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಮತ್ತೆ ಮತ್ತೆ ಇಳಿದರೆ ಹಿಂದೆ ಜಂತು, ಸೋಂಕು, ಲಿವರ್ ದೋಷ ಏನೋ ಇದೆ.

ಮನೆಯಲ್ಲಿ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕೈದು ಸಲ ಊಟ, ಕೊನೆಯದು ರಾತ್ರಿ ಹನ್ನೊಂದಕ್ಕೆ, ಮೊದಲನೆಯದು ಬೆಳಿಗ್ಗೆ ಆರಕ್ಕೆ.

ಮೊದಲ ಹದಿನಾಲ್ಕು ದಿನ

ಒಂದು ನೋಟುಬುಕ್ ಇಡಿ. ದಿನವೂ ಒಂದೇ ಹೊತ್ತಿಗೆ ತೂಕ, ಎಷ್ಟು ಸಲ ತಿಂದಿತು, ಮಲ ಹೇಗಿತ್ತು, ಇಷ್ಟು ಬರೆಯಿರಿ. ತೂಕ ಎರಡು ದಿನ ಏರದೆ ನಿಂತರೆ ಕಾಯದೆ ತೋರಿಸಿ. ಗುದದಲ್ಲಿ ಥರ್ಮಾಮೀಟರ್ ಇಟ್ಟಾಗ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ, ನಮ್ಮ ಲೆಕ್ಕದ ಜ್ವರ ಅದಕ್ಕೆ ಜ್ವರವಲ್ಲ. ಮೊದಲ ಏಳೆಂಟು ದಿನ ಆಹಾರ ಬದಲಿಸಬೇಡಿ, ಸ್ನಾನ ಬೇಡ, ನೆಂಟರ ಕೈಯಿಂದ ಕೈಗೆ ದಾಟಿಸುವುದು ಬೇಡ. ಎಮ್ಮೆ ಹಾಲು ಹಾಕಿದರೆ ಭೇದಿ ಖಂಡಿತ ಅನ್ನಬಹುದು, ಆಗ ಅದು ಹಾಲಿನ ಭೇದಿಯೋ ರೋಗದ ಭೇದಿಯೋ ತಿಳಿಯದೆ ಒಂದು ದಿನ ಹಾಳಾಗುತ್ತದೆ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಈ ಹದಿನಾಲ್ಕು ದಿನ ಎರಡನ್ನೂ ಬೇರೆ ಕೋಣೆಯಲ್ಲಿಡಿ.

ಪಾರ್ವೊ ಹೊರಬೀಳುವುದು ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ, ಅಪರೂಪಕ್ಕೆ ಹದಿನಾಲ್ಕರವರೆಗೆ. ಮೊದಲು ಊಟ ಬಿಡುತ್ತದೆ, ಮೂಲೆ ಸೇರುತ್ತದೆ. ನಂತರ ನೊರೆನೊರೆ ವಾಂತಿ, ಮರುದಿನ ರಕ್ತದ ಭೇದಿ. ಅದರ ದುರ್ನಾತ ಒಮ್ಮೆ ಕಂಡವರು ಮರೆಯುವುದಿಲ್ಲ. ವೈರಸ್ ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೆ ಹಾಳುಮಾಡುವುದರಿಂದ ನೀರು ಸೋರುತ್ತದೆ, ಬಿಳಿರಕ್ತಕಣ ಕುಸಿಯುತ್ತದೆ, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಹತ್ತು ಕಿಲೋ ನಾಯಿ ತಡೆದುಕೊಳ್ಳುವ ನೀರಿನ ನಷ್ಟವನ್ನು ಒಂದು ಕಿಲೋ ಮರಿ ಅರ್ಧ ದಿನವೂ ತಡೆಯದು. ‘ನಾಳೆ ನೋಡೋಣ’ ಅನ್ನುವ ಒಂದು ರಾತ್ರಿಯಲ್ಲೇ ಹೆಚ್ಚಿನ ಮರಿಗಳು ಹೋಗುತ್ತವೆ. ವೈರಸ್ಸನ್ನು ಕೊಲ್ಲುವ ಗುಳಿಗೆಯಿಲ್ಲ. ಐದಾರು ದಿನ ಸಲೈನ್, ವಾಂತಿ ನಿಲ್ಲಿಸುವ ಔಷಧ, ಆಂಟಿಬಯೋಟಿಕ್, ಸಕ್ಕರೆ ಇಳಿಯದಂತೆ ಕಾಯುವುದು, ಇದೇ ಚಿಕಿತ್ಸೆ. ಮನುಷ್ಯರ ಭೇದಿ ನಿಲ್ಲಿಸುವ ಗುಳಿಗೆ ಕೊಡಬೇಡಿ. ಪರೀಕ್ಷೆಗೆ ಸ್ವಲ್ಪ ಮಲವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯಿರಿ. ಇತ್ತೀಚೆಗೆ ಲಸಿಕೆ ಆಗಿದ್ದರೆ ತಾರೀಖು ಹೇಳಿ, ಲಸಿಕೆಯ ವೈರಸ್ಸಿನಿಂದಲೂ ಕೆಲವು ದಿನ ಕಿಟ್ ‘ಇದೆ’ ಎಂದು ತೋರಿಸಬಹುದು.

ನೆಲ ತೊಳೆಯಲು ಎಲ್ಲರೂ ಹಿಡಿಯುವುದು ಫಿನಾಯಿಲ್. ಪಾರ್ವೊ ಮೇಲೆ ಅದನ್ನು ನಂಬುವಂತಿಲ್ಲ. ಮಲವನ್ನು ಮೊದಲು ಒರೆಸಿ ತೆಗೆದು, ಶೇಕಡಾ 5ರ ಬ್ಲೀಚ್ ದ್ರಾವಣ ಒಂದು ಭಾಗಕ್ಕೆ ಮೂವತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಯೂ ಬರುತ್ತದೆ. ಕೊನೆಯ ಲಸಿಕೆ ಆಗಿ ಎರಡು ವಾರ ಕಳೆಯುವವರೆಗೆ ಮರಿಯನ್ನು ಓಣಿಯ ನೆಲಕ್ಕೆ ಬಿಡಬೇಡಿ.

ಡಿಸ್ಟೆಂಪರ್ ನಿಧಾನದ ಕಳ್ಳ. ಒಂದೆರಡು ವಾರಕ್ಕೆ ಜ್ವರ, ಕಣ್ಣಿನ ಪಿಸುರು, ಮೂಗಿನ ಕೀವು, ಕೆಮ್ಮು. ನೆಗಡಿ ಎಂದು ಬಿಟ್ಟರೆ ಅದೂ ಕಡಿಮೆಯಾದಂತೆ ಕಾಣುತ್ತದೆ. ವಾರಗಳ ಮೇಲೆ ದವಡೆ ಅದುರುವುದು, ಒಂದು ಕಾಲು ತಾಳ ಹಾಕಿದಂತೆ ಸೆಳೆಯುವುದು, ಫಿಟ್ಸ್ ಶುರುವಾಗುತ್ತವೆ. ಮಿದುಳಿಗೆ ಹೋದ ಮೇಲೆ ಗುಣವಾಗುವುದು ಕಷ್ಟ.

ಜಂತು ತಾಯಿಯ ಗರ್ಭದಲ್ಲೇ, ಹಾಲಿನಲ್ಲೇ ಮರಿಗೆ ದಾಟುತ್ತದೆ. ಎರಡನೇ ವಾರದಿಂದ ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ, ಪ್ರತಿ ಸಲ ಅಂದಿನ ತೂಕಕ್ಕೆ ತಕ್ಕ ಡೋಸ್. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಷ್ಟರೊಳಗೆ ಮರಿ ಕಚ್ಚಿ ರಕ್ತ ಬಂದರೆ ‘ಸಣ್ಣ ಮರಿ’ ಎಂದು ಬಿಡಬೇಡಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿದ ದಿನ ಕ್ಲಿನಿಕ್‌ನಲ್ಲೇ ಅರ್ಧ ತಾಸು ಕೂತಿರಿ. ಮುಖ ಊದುವಂಥ ಅಲರ್ಜಿ ಪುಟ್ಟ ತಳಿಗಳಲ್ಲಿ ದೊಡ್ಡವಕ್ಕಿಂತ ಹೆಚ್ಚು.

ದನದ ಔಷಧ, ಅಡುಗೆಮನೆಯ ಡಬ್ಬಿ

ಒಕ್ಕಲುತನದ ಮನೆಗಳಲ್ಲಿ ದನದ ಉಣ್ಣಿಗೆ ತಂದ ಔಷಧ ಮಾಡಿನಲ್ಲಿ ಇದ್ದೇ ಇರುತ್ತದೆ. ‘ನಾಲ್ಕು ಹನಿ ನಾಯಿಗೂ ಹಚ್ಚಿದರಾಯಿತು’ ಅನ್ನುವುದು ಪುಟ್ಟ ನಾಯಿಗಳ ಮಟ್ಟಿಗೆ ವಿಷಪ್ರಾಶನ. ಶೇಕಡಾ 1ರ ಐವರ್‌ಮೆಕ್ಟಿನ್ ಇಂಜೆಕ್ಷನ್ ಲೆಕ್ಕ ನೋಡಿ. ದನಕ್ಕೆ 50 ಕಿಲೋಗೆ 1 ಮಿಲಿ. ಅದೇ ಅಳತೆಯಲ್ಲಿ ಒಂದು ಕಿಲೋ ಮರಿಗೆ ಬರುವುದು 0.02 ಮಿಲಿ. ಸಿರಿಂಜಿನಲ್ಲಿ ಕಣ್ಣಿಗೆ ಕಾಣದ ಆ ಅಳತೆಯನ್ನು ಅಂದಾಜಿನಲ್ಲಿ ಹಾಕಿದರೆ ಹತ್ತು ಪಟ್ಟು ಹೋಗಿರುತ್ತದೆ. ಉಣ್ಣಿಗೆ ಹಚ್ಚುವ ಅಮಿಟ್ರಾಜ್ ದ್ರಾವಣ ಚಿಹೋವಾಗೆ, ಯಾವುದೇ ತಳಿಯ ಎಳೆಮರಿಗೆ ನಿಷಿದ್ಧ. ಉಣ್ಣಿಯನ್ನು ಚಿಮಟದಿಂದ ಬುಡಕ್ಕೆ ಹಿಡಿದು ನೇರ ಎಳೆಯಿರಿ, ಔಷಧವನ್ನು ನಾಯಿಯದೇ, ಅದರ ತೂಕದ್ದೇ ತನ್ನಿ. ಉಣ್ಣಿ ಜ್ವರ ನಮ್ಮ ಕಡೆ ಬಾರಾಮಾಸ. ಊಟ ಬಿಟ್ಟು, ವಸಡು ಬಿಳಚಿ, ಮೂಗಲ್ಲಿ ರಕ್ತ ಕಂಡರೆ ಪ್ಲೇಟ್‌ಲೆಟ್ ಎಣಿಸಲು ಹೇಳಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ನೋವಿಗೆ ಐಬುಪ್ರೊಫೆನ್ ಕೊಡಬೇಡಿ. ಒಂದು ಗುಳಿಗೆ ಎರಡು ಕಿಲೋ ನಾಯಿಗೆ ವಿಪರೀತ. ದ್ರಾಕ್ಷಿ ನಾಡಿನವರು ಇನ್ನೊಂದು ನೆನಪಿಡಬೇಕು: ದ್ರಾಕ್ಷಿ ಮತ್ತು ಒಣದ್ರಾಕ್ಷಿ, ಅಂದರೆ ಮನೂಕ, ನಾಯಿಯ ಕಿಡ್ನಿ ಕೆಡಿಸುತ್ತವೆ. ಎರಡು ಕಿಲೋ ನಾಯಿಗೆ ಒಂದು ಸಣ್ಣ ಹಿಡಿ ಸಾಕು. ವಿಜಯಪುರ, ಅಥಣಿಯ ಕಡೆ ಮನೂಕ ಡಬ್ಬಿಗಟ್ಟಲೆ ಇರುವ ಮನೆಗಳಲ್ಲಿ ಮಕ್ಕಳೇ ಪ್ರೀತಿಯಿಂದ ತಿನ್ನಿಸುತ್ತಾರೆ. ಅಮೀನಗಡ, ಗೋಕಾಕದ ಕರದಂಟಿನಲ್ಲೂ ಒಣದ್ರಾಕ್ಷಿ ಇರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ರಕ್ತಕಣ ಒಡೆಯುತ್ತವೆ, ಹಾಗಾಗಿ ಸಾರಿನ ಅನ್ನ, ಚಟ್ನಿ ಸವರಿದ ರೊಟ್ಟಿ ಬೇಡ. ಚಾಕೊಲೇಟ್ ಕೂಡ.

ಬಿಸಿಲು ಬಡಿದರೆ, ಅಂದರೆ ವಿಪರೀತ ತೇಕು, ಇಟ್ಟಿಗೆ ಬಣ್ಣದ ವಸಡು, ತೂರಾಟ ಕಂಡರೆ, ನೆರಳಿಗೆ ಒಯ್ದು ನಲ್ಲಿ ನೀರಿನಲ್ಲಿ ಮೈಯೆಲ್ಲ ತೋಯಿಸಿ ಫ್ಯಾನ್ ಹಾಕಿ. ಮಂಜುಗಡ್ಡೆ ಹುಡುಕುತ್ತ ಹೊತ್ತು ಕಳೆಯಬೇಡಿ. 103 ಡಿಗ್ರಿಗೆ ಇಳಿದ ಕೂಡಲೇ ನೀರು ನಿಲ್ಲಿಸಿ. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ನಾಲ್ಕನೇ ತಿಂಗಳ ನಂತರ

ಓಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಒಂದು ಹಿಂಗಾಲು ಎತ್ತಿ ಮೂರು ಹೆಜ್ಜೆ ಕುಪ್ಪಳಿಸಿ, ಕಾಲು ಝಾಡಿಸಿ, ಏನೂ ಆಗದಂತೆ ಓಡಿದರೆ ಮಂಡಿಚಿಪ್ಪು ತೋಡಿನಿಂದ ಜಾರಿ ಮರಳಿ ಕೂತಿದೆ. ನಾಲ್ಕು ದರ್ಜೆಗಳಿವೆ. ಒಂದನೆಯದಕ್ಕೆ ತೂಕ ಏರದಂತೆ ನೋಡಿಕೊಂಡು, ನುಣುಪಾದ ಟೈಲ್ಸ್ ಮೇಲೆ ಚಾಪೆ ಹಾಸಿದರೆ ಸಾಕಾಗಬಹುದು. ಮೂರು-ನಾಲ್ಕಕ್ಕೆ ಆಪರೇಷನ್. ಐದರಿಂದ ಎಂಟು ತಿಂಗಳಲ್ಲಿ ಕುಂಟು ದಿನೇದಿನೇ ಹೆಚ್ಚಿ ತೊಡೆ ಸೊರಗುತ್ತಿದ್ದರೆ ಅದು ಬೇರೆ. ತೊಡೆ ಎಲುಬಿನ ತುದಿಗೆ ರಕ್ತ ಸಿಗದೆ ಅದು ಸವೆಯುವ ಕಾಯಿಲೆ. ಸೊಂಟದ ಎಕ್ಸ್‌ರೇ ತೆಗೆಸದೆ ತಿಳಿಯದು. ಎರಡಕ್ಕೂ ‘ಜಿಗಿದು ಉಳುಕಿದೆ’ ಎಂದು ಎಣ್ಣೆ ತಿಕ್ಕಿ ತಿಂಗಳು ಕಳೆಯುವವರೇ ಹೆಚ್ಚು.

ಆರೇಳು ತಿಂಗಳಿಗೆ ಬಾಯಿ ತೆರೆದು ನೋಡಿ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯ ಹಾಲುಹಲ್ಲು ನಿಂತಿದ್ದರೆ ಕೀಳಿಸಬೇಕು. ಪುಟ್ಟ ದವಡೆಯಲ್ಲಿ 42 ಹಲ್ಲುಗಳಿಗೇ ಜಾಗ ಸಾಲದು. ಊಟವಾದ ಮೇಲೆ ಮಂಕು ಬಡಿದಂತೆ ಗೋಡೆಗೆ ತಲೆ ಒತ್ತುವ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದ ಯಾರ್ಕಿ (ಯಾರ್ಕ್‌ಶೈರ್ ಟೆರಿಯರ್) ಅಥವಾ ಮಾಲ್ಟೀಸ್ ಇದ್ದರೆ ಲಿವರ್‌ಗೆ ಸಂಬಂಧಿಸಿದ ಪಿತ್ತಾಮ್ಲ ಪರೀಕ್ಷೆ ಕೇಳಿ. ಕೊರಳಿಗೆ ಪಟ್ಟಿ ಕಟ್ಟಿ ಎಳೆಯುವುದು ಮೊದಲ ದಿನದಿಂದಲೇ ಬೇಡ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಶ್ವಾಸನಾಳದ ಉಂಗುರಗಳು ಮೆತ್ತಗಿರುವ ತಳಿಗಳಿಗೆ ವಯಸ್ಸಾದಂತೆ ಬಾತುಕೋಳಿ ಕೂಗಿದಂಥ ಕೆಮ್ಮು ಬರುತ್ತದೆ, ಒಲೆಯ ಹೊಗೆ ಅದನ್ನು ಕೆರಳಿಸುತ್ತದೆ.

ಹೆಣ್ಣುಮರಿ ತಂದು ಮುಂದೆ ಮರಿ ಹಾಕಿಸಿ ಹಾಕಿದ ದುಡ್ಡು ತೆಗೆಯುವ ಯೋಚನೆ ಇದ್ದರೆ ಬಿಡಿ. ಪಗ್ ಮರಿಗಳ ತಲೆ ದೊಡ್ಡದು, ಸಿಸೇರಿಯನ್ ಮಾಡುವವರು ನಡುರಾತ್ರಿ ಸಿಗುವುದಿಲ್ಲ. ಹಾಲೂಡಿಸುವ ಪುಟ್ಟ ತಾಯಿಗೆ ಎರಡು-ಮೂರನೇ ವಾರ ಕ್ಯಾಲ್ಸಿಯಂ ಇಳಿದು ಮೈ ಸೆಟೆಯುವುದು ಬೇರೆ.

ಮರಿ ಕೈಬಿಟ್ಟು ಹೋದರೆ

ಮರಿ ಸತ್ತರೆ ದುಃಖದಲ್ಲಿ ತಕ್ಷಣ ಹೂಳಿಬಿಡುತ್ತಾರೆ, ಸಾಕ್ಷಿಯೂ ಅದರ ಜೊತೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸುತ್ತ ಮಂಜುಗಡ್ಡೆ ಇಟ್ಟು, ಅದೇ ದಿನ ಸರಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಬರೆಸಿಕೊಳ್ಳಿ. ಡೀಪ್ ಫ್ರೀಜರ್ ಬೇಡ, ಅಂಗಾಂಶ ಕೆಡುತ್ತದೆ. ಚಿಕಿತ್ಸೆಯ ಚೀಟಿ, ಪಾರ್ವೊ ಕಿಟ್‌ನ ಫೋಟೊ, ರಸೀದಿ, ಕರಾರು, ಮಾರಿದವರ ಜೊತೆಗಿನ ವಾಟ್ಸಾಪ್ ಮಾತುಕತೆ ಒಂದೆಡೆ ಇಡಿ. ಸೋಂಕು ತಗುಲಿದ ದಿನ ಕೊಂಡ ದಿನಕ್ಕಿಂತ ಹಿಂದಿನದು ಎಂದು ತೋರಿಸಲು ಈ ಲೇಖನದ ದಿನಲೆಕ್ಕವೇ ಆಧಾರ. ತಂದ ಎರಡನೇ ದಿನಕ್ಕೇ ಪಾರ್ವೊ ಕಂಡರೆ ಅದು ನಿಮ್ಮ ಮನೆಯಲ್ಲಿ ಬಂದದ್ದಲ್ಲ, ಹನ್ನೆರಡನೇ ದಿನಕ್ಕೆ ಕಂಡರೆ ವಾದ ಕಷ್ಟ.

ಮೊದಲು ಬರಹದಲ್ಲಿ ನೋಟಿಸ್ ಕೊಡಿ. ದುಡ್ಡು ವಾಪಸ್ ಕೇಳಿ, ಬದಲಿ ಮರಿ ಒಪ್ಪಬೇಡಿ, ಅದೂ ಅದೇ ಗೂಡಿನಿಂದ ಬರುವುದು. ಜಗ್ಗದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದವರು ಬೆಂಗಳೂರಿನವರಾದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷ ರೂಪಾಯಿಯೊಳಗಿನ ಬೆಲೆಗೆ ಶುಲ್ಕವಿಲ್ಲ.

ಪಾರ್ವೊ ಬಂದ ಮನೆಗೆ ಆರು ತಿಂಗಳಾದರೂ ಹೊಸ ಮರಿ ತರಬೇಡಿ. ಹಾಸಿಗೆ, ಬುಟ್ಟಿ, ಹಗ್ಗ ಸುಟ್ಟುಬಿಡಿ, ಸ್ಟೀಲ್ ತಟ್ಟೆಗಳನ್ನು ಬ್ಲೀಚ್‌ನಲ್ಲಿ ನೆನೆಸಿ. ಅಷ್ಟು ದಿನ ತಡೆಯಲಾಗದಿದ್ದರೆ ಎಳೆಮರಿ ಬಿಟ್ಟು, ಹದಿನಾರನೇ ವಾರದ ಲಸಿಕೆ ಆಗಿ ಎರಡು ವಾರ ಕಳೆದ ನಾಯಿಯನ್ನು ಹುಡುಕಿ.